ಸಪ್ಪಳ ಕೇಳುವ ಅಕ್ಕಾವ್ರು

ಅಕ್ಕಾವ್ರು ತೀರಿಕೊಂಡು ಆರು ತಿಂಗಳಾಗುತ್ತ ಬಂತು. ಯೂನಿಯನ್ ಸಿಟಿಯ ನಮ್ಮ ಕನ್ನಡದವರ ಮನೆಗಳಲ್ಲಿ ಯಾರದಾದರೂ ಹಳೆಯ ಕಾರು ಬೆಳಗ್ಗೆ ಹಟ ಹಿಡಿದು ನಿಂತರೆ, "ಅಕ್ಕಾವ್ರು ಇರಬೇಕಾಗಿತ್ತು" ಅನ್ನುವ ಮಾತು ಈಗಲೂ ತಾನಾಗಿ ಬರುತ್ತದೆ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹುಬ್ಬಳ್ಳಿ ಕಡೆಯವರು ಶುರುಮಾಡಿದ "ಅಕ್ಕಾವ್ರು" ಮಂಡ್ಯದ ನಮಗೂ ಹಾಸನದವರಿಗೂ ಅಂಟಿಕೊಂಡು, ಕೊನೆಗೆ ಅವರ ಎದುರು ಮನೆಯ ಪಂಜಾಬಿ ಮುದುಕನ ಬಾಯಲ್ಲಿ "ಅಕ್ಕಾರ್‌ಜೀ" ಆಗಿತ್ತು. ಈ ಬರಹದಲ್ಲೂ ಆ ಹೆಸರೇ ಸಾಕು.

ನಾನು ಅವರನ್ನು ಮೊದಲು ಕಂಡಾಗ ಸುಮಾಳನ್ನು ಮದುವೆಯಾಗಿ ಕರೆದುಕೊಂಡು ಬಂದ ಹೊಸತು. ಸ್ಯಾನ್ ಹೊಸೆಯ ಆಫೀಸಿಗೆ ಹೋಗಿಬರಲು ಹದಿನಾರು ವರ್ಷದ ಹಳೆಯ ಕಾರೊಂದನ್ನು ಕೊಂಡಿದ್ದೆ. ಒಂದು ಸೋಮವಾರ ಬೆಳಗ್ಗೆ ಎಷ್ಟು ಸಲ ಕೀ ತಿರುಗಿಸಿದರೂ ಎಂಜಿನ್ನು ಏಳಲಿಲ್ಲ. ಬ್ಯಾಟರಿ ಸತ್ತಿದೆ ಎಂದು ನಾನೇ ತೀರ್ಮಾನಿಸಿ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಂತು ಸುಮಾಳಿಗೆ ಫೋನು ಮಾಡಿ ಗೊಣಗುತ್ತಿದ್ದೆ. ವಾಕಿಂಗು ಮುಗಿಸಿ ಬರುತ್ತಿದ್ದ ಹೆಂಗಸೊಬ್ಬರು ಕನ್ನಡ ಕೇಳಿ ನಿಂತರು. ಐವತ್ತರ ಆಸುಪಾಸು. ಚೂಡಿದಾರದ ಮೇಲೆ ಗಂಡಸರ ಸ್ವೆಟರು, ಕಾಲಿಗೆ ದಪ್ಪ ಬೂಟು.

"ಕೀಲಿ ಇನ್ನೊಮ್ಮೆ ತಿರುವ್ರಿ," ಅಂದರು.

ತಿರುಗಿಸಿದೆ.

"ಏನ್ ಸಪ್ಪಳ ಬಂತು?"

"ಏನೋ ಶಬ್ದ ಬಂತು. ಸ್ಟಾರ್ಟ್ ಆಗ್ತಿಲ್ಲ."

"ಏನೋ ಅಂದ್ರ ಹೆಂಗ್ರೀ? ಟಕ್ ಅಂತ ಒಂದ ಸಲ ಬಡದು ಸುಮ್ಮನಾತೋ, ಟಕಟಕಟಕ ಅಂತ ಬಡಕೊಂತೋ?"

ನಾನು ಮತ್ತೊಮ್ಮೆ ತಿರುಗಿಸಿ, ಆ ಕಾರು ಕೊಂಡಮೇಲೆ ಮೊದಲ ಸಲ ಅದರ ಕಡೆ ಕಿವಿಗೊಟ್ಟೆ. "ಟಕಟಕಟಕ," ಅಂದೆ.

"ಒಂದ ಸಲ ಅಂದಿದ್ರ ಸ್ಟಾರ್ಟರ್ ಮ್ಯಾಲ ಅನುಮಾನ ಪಡಬೇಕಿತ್ತು. ಇದಕ್ಕ ಕರೆಂಟ್ ಬರಾಕತ್ತೈತಿ, ಸಾಲವಲ್ದು. ಬ್ಯಾಟರೀನರ ಸೋತಿರಬೇಕು, ಇಲ್ಲಾ ಹಾದ್ಯಾಗ ಏನರ ಅಡ್ಡ ಬಂದಿರಬೇಕು. ಮುಚ್ಚಳಾ ತಗೀರಿ."

ಬಾನೆಟ್ಟು ಎತ್ತಿದೆ. ಬ್ಯಾಟರಿಯ ಒಂದು ತುದಿಗೆ ಬೂಷ್ಟು ಹಿಡಿದ ಹಾಗೆ ಬಿಳಿ-ಹಸಿರು ಪುಡಿ ಗಡ್ಡೆಗಟ್ಟಿತ್ತು. "ಮನ್ಯಾಗ ಅಡಗಿ ಸೋಡಾ ಐತೇನು?" ಅಂದರು. ಸುಮಾ ಇಡ್ಲಿಗೆಂದು ತಂದಿದ್ದ ಸೋಡಾದ ಡಬ್ಬಿಯನ್ನೂ ಒಂದು ಚೊಂಬು ಬಿಸಿನೀರನ್ನೂ ಹಿಡಿದು ಓಡಿ ಬಂದಳು. ಮೊದಲು ಮೈನಸ್ಸಿನ ತಂತಿ, ಆಮೇಲೆ ಪ್ಲಸ್ಸು, ಜೋಡಿಸುವಾಗ ಅದರ ತಿರುವುಮುರುವು ಎಂದು ಹೇಳುತ್ತ ಬಿಚ್ಚಿಸಿದರು. ಸೋಡಾ ನೀರು ಬಿದ್ದದ್ದೇ ಪುಡಿ ಬುರುಬುರು ನೊರೆಗಟ್ಟಿ ಇಳಿದು ಹೋಯಿತು. ಉಜ್ಜಿ, ಒರೆಸಿ, ಬಿಗಿದು ಕೀ ತಿರುಗಿಸಿದರೆ ಎಂಜಿನ್ನು ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

ನಾನು ಥ್ಯಾಂಕ್ಸು ಹೇಳಿ ಹೊರಡುವವನಿದ್ದೆ. ಅವರು ಬಿಡಲಿಲ್ಲ. ಪಕ್ಕದ ಬೀದಿಯ ತಮ್ಮ ಮನೆಗೆ ಹೋಗಿ ಕರೆಂಟು ಅಳೆಯುವ ಮೀಟರು ತಂದು, ಎಂಜಿನ್ನು ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ಹಿಡಿದು ನೋಡಿದರು. "ನಿಂತಾಗ ಹನ್ನೆರಡೂವರಿ, ಓಡುವಾಗ ಹದಿನಾಕು. ಬ್ಯಾಟರಿ ಗಟ್ಟಿ ಐತಿ, ಅದನ್ನ ತುಂಬೂ ಆಲ್ಟರ್ನೇಟರೂ ದುಡಿಯಾಕತ್ತೈತಿ. ಈಗ ಹೋಗ್ರಿ." ಚಾಲೂ ಆದದ್ದು ಅವರಿಗೆ ಸಾಲದು. ಯಾಕೆ ಕೆಟ್ಟಿತ್ತು ಎನ್ನುವುದು ತಿಳಿಯಬೇಕು, ಇನ್ನೇನೂ ಕೆಟ್ಟಿಲ್ಲ ಎನ್ನುವುದೂ ತಿಳಿಯಬೇಕು. ಆಫೀಸಿಗೆ ಆ ದಿನ ನಲವತ್ತು ನಿಮಿಷ ತಡವಾಗಿ ಹೋದೆ.

ಅವರ ಕಥೆ ನನಗೆ ತುಂಡುತುಂಡಾಗಿ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಅವರ ತಂದೆಯದು ಲಾರಿಗಳ ಡೈನಮೊ, ಸ್ಟಾರ್ಟರು ರಿಪೇರಿಯ ಚಿಕ್ಕ ಅಂಗಡಿ. ತಂದೆಗೆ ಕಣ್ಣು ಮಂದವಾದಮೇಲೆ ತಾಮ್ರದ ಸಣ್ಣ ತಂತಿ ಸುತ್ತುವ ಕೆಲಸ ಮಗಳದಾಯಿತು. ಡಿಪ್ಲೊಮಾ ಓದಿದರು, ಮದುವೆಯಾದರು, ಎಂಜಿನಿಯರ್ ಗಂಡನ ಜೊತೆ ಇಲ್ಲಿಗೆ ಬಂದರು. ಬಂದ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಏಳು ವರ್ಷ ಮನೆಯಲ್ಲಿ ಕೂತರು. "ಆ ಏಳ ವರ್ಷದಾಗ ನಮ್ಮ ಮನೀ ಮಿಕ್ಸರ್ ಎಷ್ಟ ಸಲ ಬಿಚ್ಚಿ ಜೋಡಿಸೇನಿ ಅಂದ್ರ, ಅದಕ್ಕ ನನ್ನ ಕಂಡ್ರ ಅಂಜಿಕಿ," ಅನ್ನುತ್ತಿದ್ದರು. ಗ್ರೀನ್ ಕಾರ್ಡು ಬಂದ ತಿಂಗಳೇ ಕಾಲೇಜಿನಲ್ಲಿ ಆಟೊಮೊಬೈಲ್ ತರಗತಿಗೆ ಸೇರಿದರು. ಮುಗಿಸಿ ಸ್ಯಾನ್ ಹೊಸೆಯ ಒಂದು ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ದುಡಿದು, ಮಂಡಿನೋವು ಶುರುವಾದಮೇಲೆ ಬಿಟ್ಟಿದ್ದರು.

ಇದನ್ನು ನಮ್ಮ ಜನ ಸುಲಭವಾಗಿ ಅರಗಿಸಿಕೊಳ್ಳಲಿಲ್ಲ. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಸಂಕ್ರಾಂತಿಯ ಪಾಟ್‌ಲಕ್ಕೊಂದರಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ಅವರನ್ನು ಯಾರೋ, "ನೀವು ಏನ್ ಮಾಡ್ಕೊಂಡಿದೀರಾ?" ಎಂದು ಕೇಳಿದರು. ಪಕ್ಕದಲ್ಲಿದ್ದ ಅವರ ಯಜಮಾನರು, ಮಿತಭಾಷಿ, ಸಂಕೋಚದ ಮನುಷ್ಯ, "ಆಟೊಮೋಟಿವ್ ಫೀಲ್ಡಿನಲ್ಲಿದ್ದಳು" ಅಂದುಬಿಟ್ಟರು. ಅಕ್ಕಾವ್ರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಗ್ಯಾರೇಜ್‌ನಾಗ ಗಾಡಿ ರಿಪೇರಿ ಮಾಡ್ತಿದ್ದೆ ರೀ," ಅಂದರು. ಕೋಪದಲ್ಲಲ್ಲ, ತಪ್ಪು ಪೆಟ್ಟಿಗೆಗೆ ಬಿದ್ದ ಬೋಲ್ಟನ್ನು ಎತ್ತಿ ಸರಿಯಾದ ಪೆಟ್ಟಿಗೆಗೆ ಹಾಕುವ ಧಾಟಿಯಲ್ಲಿ. ಕೇಳಿದಾಕೆ ಮರುವಾರವೇ ತಮ್ಮ ಹಳೆಯ ವ್ಯಾನು ತಂದರು.

ಹಾಗೆ ಶುರುವಾದದ್ದು ಪ್ರತಿ ಶನಿವಾರ ಬೆಳಗಿನ ಕೂಟ. ನಮ್ಮ ಅಪಾರ್ಟ್‌ಮೆಂಟಿಗೆ ಬರುವ ಅತಿಥಿಗಳ ಪಾರ್ಕಿಂಗಿನಲ್ಲಿ ಎರಡೋ ಮೂರೋ ಹಳೆಯ ಕಾರು ಬಂದು ನಿಂತಿರುತ್ತಿದ್ದವು. ಅವರು ಏನನ್ನೂ ರಿಪೇರಿ ಮಾಡುತ್ತಿರಲಿಲ್ಲ. ರೋಗ ಯಾವುದೆಂದು ಹೇಳಿ, ಗ್ಯಾರೇಜಿನಲ್ಲಿ ಏನನ್ನು ಪರೀಕ್ಷೆ ಮಾಡಿಸಬೇಕೆಂದು ಒಂದು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅಪಾರ್ಟ್‌ಮೆಂಟಿನ ಮ್ಯಾನೇಜರು ಒಮ್ಮೆ ಬಂದು, ಇಲ್ಲಿ ಕಾರು ರಿಪೇರಿ ಮಾಡಬಾರದೆಂಬ ನಿಯಮವಿದೆ ಎಂದ. ಇಂಗ್ಲಿಷ್ ಬರುತ್ತಿದ್ದರೂ ಜಗಳಕ್ಕೆ ಕನ್ನಡವೇ ಬೇಕಿದ್ದ ಅಕ್ಕಾವ್ರು ನನ್ನ ಕಡೆ ತಿರುಗಿ, "ರಿಪೇರಿ ಅಲ್ಲ, ಬರೇ ಕೇಳಾಕತ್ತೀನಿ ಅಂತ ಹೇಳು. ಕೇಳಾಕೂ ರೂಲ್ ಐತೇನು ಅಂತ ಕೇಳು," ಅಂದರು. ನಾನು ಎರಡನೆಯ ವಾಕ್ಯ ಬಿಟ್ಟು ಅನುವಾದಿಸಿದೆ. ಅವನು ಸ್ವಲ್ಪ ಹೊತ್ತು ನಿಂತು ನೋಡಿ, ತನ್ನ ಪಿಕಪ್ಪು ಬೆಳಗಿನ ಹೊತ್ತು ಕೀಚ್ ಅನ್ನುತ್ತದೆ, ಯಾಕಿರಬಹುದು ಎಂದು ವಿಚಾರಿಸಿಕೊಂಡು ಹೋದ.

ಬಂದವರು ಮೊದಲು ಹೇಳುತ್ತಿದ್ದದ್ದು ಕಾರಿನ ಕಂಪ್ಯೂಟರು ತೋರಿಸಿದ ದೋಷದ ಕೋಡನ್ನು. ಅದರ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ. "ಕೋಡು ಅಂದ್ರ ದೂರು ತಮ್ಮಾ. ತೀರ್ಪಲ್ಲ," ಅನ್ನುತ್ತಿದ್ದರು. ಅದರ ಅರ್ಥ ನನಗಾದದ್ದು ನನ್ನದೇ ಕಾರಿನಿಂದ. ಎಂಜಿನ್ನಿನ ದೀಪ ಹತ್ತಿಕೊಂಡಿತ್ತು. ಕೋಡು ಹೊಗೆಕೊಳವೆಯ ಸೆನ್ಸರನ್ನು ಹೆಸರಿಸಿದ್ದರಿಂದ ಅವರಿಗೆ ಹೇಳದೆಯೇ ಹೊಸ ಸೆನ್ಸರು ಹಾಕಿಸಿದೆ. ನಾಲ್ಕು ದಿನಕ್ಕೆ ದೀಪ ಮತ್ತೆ ಹತ್ತಿತು. ಅಕ್ಕಾವ್ರು ತೋಟಕ್ಕೆ ನೀರು ಬಿಡುವ ಪೈಪಿನ ಒಂದು ತುಂಡನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ವೈದ್ಯರ ಹಾಗೆ ಆಡಿಸಿದರು. ಒಂದು ಕಡೆ ನಿಂತು ಪೈಪನ್ನು ನನ್ನ ಕಿವಿಗೆ ಕೊಟ್ಟರು. ಸುಯ್ ಅನ್ನುತ್ತಿತ್ತು. ಗಾಳಿ ಎಳೆಯುವ ರಬ್ಬರ್ ಕೊಳವೆಯೊಂದು ಬೆರಳುಗುರಿನಷ್ಟು ಸೀಳಿತ್ತು.

"ಗಾಳಿ ಹೆಚ್ಚಾಗೈತಿ ಅಂತ ಸೆನ್ಸರ್ ಖರೇನ ಹೇಳಿತ್ತು. ನೀ ಖರೇ ಹೇಳಿದಾವನ್ನ ಕೆಲಸದಿಂದ ತಗದಿ," ಅಂದು ನಕ್ಕರು.

ಆರು ವರ್ಷ ಹೀಗೆ ನಡೆಯಿತು. ನಮಗೆ ಮಗಳು ಹುಟ್ಟಿ ನಾಲ್ಕು ವರ್ಷದವಳಾದಳು. ಕಾರು ಇನ್ನೂ ಅದೇ. ಆ ಬೇಸಿಗೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತ ಮಗು ಡೇಕೇರಿನಿಂದ ಬರುವಾಗೆಲ್ಲ, "ಅಪ್ಪಾ, ದ ಕಾರ್ ಈಸ್ ವಿಸ್ಲಿಂಗ್," ಅನ್ನತೊಡಗಿತು. ನನಗೂ ಒಮ್ಮೊಮ್ಮೆ ಸಣ್ಣಗೆ ಕೇಳಿಸಿದ ಹಾಗಿತ್ತು. ಅಕ್ಕಾವ್ರನ್ನು ಕರೆದೆ. ಅವರು ಪಕ್ಕದಲ್ಲಿ ಕೂತು, ಕಿಟಕಿ ಇಳಿಸಿ, ಬ್ಲಾಕಿನ ಸುತ್ತ ಎರಡು ಸುತ್ತು ಹೊಡೆಸಿದರು. ಬ್ರೇಕು ಒತ್ತಿಸಿದರು, ಬಿಡಿಸಿದರು.

"ಏನಿಲ್ಲ ತಮ್ಮಾ. ಅರಾಮ ಹೋಗಿ ಬಾ."

ಆ ಕ್ಷಣದಲ್ಲಿಯೂ ನನ್ನ ಕಿವಿಗೆ ಅದು ಬಿದ್ದಿತ್ತು. ಆದರೆ ಅಕ್ಕಾವ್ರು ಇಲ್ಲವೆಂದ ಮೇಲೆ ಇಲ್ಲ. ನನ್ನ ಕಿವಿಗಿಂತ ಅವರ ಕಿವಿಯನ್ನು ನಂಬುವ ಅಭ್ಯಾಸ ನನಗೆ ಅಷ್ಟು ಬಲಿತಿತ್ತು.

ಮುಂದಿನ ಭಾನುವಾರ ಮೂವರೂ ಸಾಂತಾ ಕ್ರೂಜಿನ ಸಮುದ್ರಕ್ಕೆ ಹೋದೆವು. ವಾಪಸು ಬರುವಾಗ, ಬೆಟ್ಟ ದಾಟಿ ಲಾಸ್ ಗ್ಯಾಟೋಸಿಗೆ ಇಳಿಯುವ ತಿರುವಿನ ಹಾದಿಯಲ್ಲಿ, ಮುಂದಿನ ಚಕ್ರದಿಂದ ಗರಗರ ಎಂದು ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಶುರುವಾಯಿತು. ಸುಟ್ಟ ವಾಸನೆ ಒಳಗೆ ಬಂತು. ಬ್ರೇಕು ಒತ್ತಿದರೆ ಪೆಡಲು ಒದ್ದೆ ಸ್ಪಂಜಿನ ಹಾಗೆ ಕೆಳಗಿಳಿಯಿತು. ಹಿಂದೆ ದೊಡ್ಡ ಟ್ರಕ್ಕು, ಎಡಕ್ಕೆ ಕಾಂಕ್ರೀಟಿನ ಗೋಡೆ. ಸುಮಾ ಹಿಂದಕ್ಕೆ ಕೈಚಾಚಿ ಮಗುವಿನ ಕಾಲು ಹಿಡಿದುಕೊಂಡಳು. ಗೇರನ್ನು ಕೆಳಕ್ಕೆ ಎಳೆದೆ. ಎಂಜಿನ್ನು ಕಿರುಚಿಕೊಂಡು ವೇಗವನ್ನು ತಡೆಯಿತು. ರಸ್ತೆಬದಿಯಲ್ಲಿ ಅಗಲ ಜಾಗ ಕಂಡದ್ದೇ ಕಾರನ್ನು ಅಲ್ಲಿಗೆ ಹೊರಳಿಸಿ, ಕೈಬ್ರೇಕನ್ನು ಮೆಲ್ಲಗೆ ಎಳೆಯುತ್ತ ನಿಲ್ಲಿಸಿದೆ. ಚಕ್ರದಿಂದ ಹೊಗೆ ಏಳುತ್ತಿತ್ತು. ಮಗು, "ಆರ್ ವೀ ಹೋಮ್?" ಎಂದು ಕೇಳಿತು.

ಮರುದಿನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿ ನೋಡಿದರೆ, ಬ್ರೇಕಿನ ಪ್ಯಾಡೊಂದು ಪೂರ್ತಿ ಸವೆದು, ಅದರ ಹಿಂದಿನ ಉಕ್ಕಿನ ತಗಡು ಚಕ್ರದ ತಟ್ಟೆಯನ್ನು ಕೊರೆಯುತ್ತಿತ್ತು. ಪ್ಯಾಡು ಮುಗಿಯುತ್ತ ಬಂದಾಗ ಎಚ್ಚರಿಸಲೆಂದೇ ಅದರಲ್ಲೊಂದು ಸಣ್ಣ ತಗಡಿನ ನಾಲಗೆ ಇರುತ್ತದೆ. ಅದು ತಟ್ಟೆಗೆ ತಾಗಿ ಶಿಳ್ಳೆ ಹಾಕುತ್ತದೆ. ಮೂರು ವಾರ ಅದು ಕೂಗಿ ಹೇಳಿತ್ತು.

ಇದನ್ನು ಅಕ್ಕಾವ್ರಿಗೆ ಹೇಳುವುದು ಬೇಡ ಎಂದು ನಾನು. "ಹೇಳ್ಲೇಬೇಕು," ಅಂದಳು ಸುಮಾ. "ಶನಿವಾರ ಇನ್ಯಾರೋ ಮಗು ಕೂರಿಸ್ಕೊಂಡು ಕಾರು ತರ್ತಾರೆ. ಅವರಿಗೂ ಏನಿಲ್ಲ ಅಂದ್ಬಿಟ್ರೆ?"

ಸಂಜೆ ಹಳೆಯ ಪ್ಯಾಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಅವರು ಪ್ಯಾಡನ್ನು ಕೈಗೆ ತೆಗೆದುಕೊಂಡು, ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಆ ತಗಡಿನ ನಾಲಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಎಷ್ಟ ದಿನದಿಂದ ಕೂಗತಿತ್ತು?"

"ಮೂರು ವಾರ ಆಗಿತ್ತು ಅಕ್ಕಾ."

"ಅವತ್ತ ನಾ ಕುಂತಾಗ?"

ನಾನು ಖಾಲಿ ಚೀಲವನ್ನು ಮಡಿಸತೊಡಗಿದೆ.

"ಹೇಳೋ. ಅವತ್ತ ನಿನಗ ಕೇಳಿಸ್ತಿತ್ತೇನು?"

"ಕೇಳಿಸ್ತಿತ್ತು."

ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಜಮಾನರನ್ನು ನೋಡಿದರು. "ನೀವು ಮೈಕ್ರೋವೇವ್ ಬಡಕೊಳ್ಳಾಕತ್ತೈತಿ, ಕೇಳಸೂದಿಲ್ಲೇನು ಅಂತ ದಿನಾ ಬೈತಿದ್ರಿ. ನಾ ಹಾಸ್ಯಕ್ಕ ಅಂತೀರಿ ಅಂತ ತಿಳದಿದ್ದೆ," ಅಂದರು. ಪ್ಯಾಡನ್ನು ಮೇಜಿನ ಮೇಲಿಟ್ಟು, "ನನಗ ಕೇಳಿಸಲಿಲ್ಲ ತಮ್ಮಾ. ಖರೇನ ಕೇಳಿಸಲಿಲ್ಲ," ಅಂದರು. ಆ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವರು ಅಳಲಿಲ್ಲ. ಎದ್ದು ಹೋಗಿ ಗೋಡೆಯ ಕ್ಯಾಲೆಂಡರನ್ನು ಕಿತ್ತು ತಂದರು. ಶನಿವಾರದ ಚೌಕಗಳಲ್ಲಿ ಬಂದವರ ಹೆಸರುಗಳಿದ್ದವು. ಫೋನು ಹತ್ತಿರ ಎಳೆದುಕೊಂಡು, ನನ್ನೆದುರೇ, ಒಬ್ಬೊಬ್ಬರಿಗೂ ಕರೆ ಮಾಡತೊಡಗಿದರು.

"ನಾ ಅಕ್ಕಾವ್ರು ಮಾತಾಡೋದ್ರಿ. ನಿಮ್ಮ ಗಾಡಿ ಬ್ರೇಕ್ ಚೊಲೋ ಐತಿ ಅಂದಿದ್ದೆ. ಆ ಮಾತು ಹಿಡೀಬ್ಯಾಡ್ರಿ. ನನ್ನ ಕಿವಿ ಕೆಟ್ಟಾವು. ನಾಳೆನ ಗ್ಯಾರೇಜ್‌ಗೆ ಒಯ್ದು ಚಕ್ರ ಬಿಚ್ಚಿ ನೋಡಸ್ರಿ."

ಒಬ್ಬರು ನಕ್ಕು, ಇರಲಿ ಬಿಡಿ ಅಕ್ಕಾ ಅಂದರು. ಅವರಿಗೆ ಎರಡನೆಯ ಸಲ ಅದನ್ನೇ ಹೇಳಿದರು. ಒಬ್ಬಾತ ಗದರಿದ್ದು ನನಗೂ ಕೇಳುವಷ್ಟು ಜೋರಾಗಿತ್ತು: ಗೊತ್ತಿಲ್ಲದಿದ್ದರೆ ಯಾಕೆ ನೋಡ್ತೀರಿ, ನಮ್ಮ ಮನೆಯಲ್ಲಿ ಎರಡು ಮಕ್ಕಳಿದ್ದಾರೆ. "ಹೌದ್ರಿ. ನಿಮ್ಮ ಮಾತು ಖರೇ ಐತಿ," ಅಂದರು ಅಷ್ಟೇ. ಹದಿನಾಲ್ಕು ಜನ. ಯಜಮಾನರು ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಆ ಹದಿನಾಲ್ಕರಲ್ಲಿ ಒಂದು ಕಾರಿನ ಬ್ರೇಕು ನನ್ನದರಷ್ಟೇ ಸವೆದಿತ್ತೆಂದು ವಾರದ ಮೇಲೆ ತಿಳಿಯಿತು. ಗದರಿದಾತನದು ಅದೇ.

ಫೋನು ಮಾಡಿದ ಮರುದಿನ ಅಕ್ಕಾವ್ರು ನಮ್ಮ ಮನೆಗೆ ಬಂದರು. ಮಂಡಿ ಬಗ್ಗದಿದ್ದರೂ ಹೇಗೋ ನೆಲಕ್ಕೆ ಕೂತು, ಬೊಂಬೆಗಳ ನಡುವೆ ಆಡುತ್ತಿದ್ದ ನನ್ನ ಮಗಳಿಗೆ, "ನೀ ಹೇಳಿದ್ದ ಖರೇ ಇತ್ತವ್ವಾ. ಗಾಡಿ ಸೀಟಿ ಹೊಡೀತಿತ್ತು. ನಾ ತಪ್ಪ ಹೇಳಿದೆ," ಅಂದರು. ಮಗು ಅವರ ಮುಖವನ್ನೇ ನೋಡಿ, "ಇಟ್ಸ್ ಓಕೆ, ಅಜ್ಜಿ," ಅಂದಿತು. ಸುಮಾ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಅಕ್ಕಾವ್ರ ಕಿವಿ ಪರೀಕ್ಷೆ ಮಾಡಿದ ವೈದ್ಯರು, ಕೀರಲು ಸದ್ದುಗಳೆಲ್ಲ ಹೋಗಿವೆ, ದಪ್ಪ ಸದ್ದುಗಳು ಉಳಿದಿವೆ, ಅವೂ ಕ್ರಮೇಣ ಇಳಿಯುತ್ತವೆ ಎಂದರಂತೆ. ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಗಾಳಿಯಂತ್ರದ ಪಕ್ಕ ಹನ್ನೊಂದು ವರ್ಷ ಕಿವಿ ಮುಚ್ಚಿಕೊಳ್ಳದೆ ನಿಂತದ್ದರ ಫಲ. ಯಾಕೆ ಮುಚ್ಚಿಕೊಳ್ಳಲಿಲ್ಲ ಎಂದು ಕೇಳಿದ್ದಕ್ಕೆ, "ಮುಚ್ಚಿಕೊಂಡ್ರ ಗಾಡಿ ಸಪ್ಪಳ ಕೇಳತಿರಲಿಲ್ಲ," ಅಂದರು. ಕಿವಿಯ ಮಷಿನ್ನು ಬಂತು. ಅದರಲ್ಲಿ ಮಾತು ತಿಳಿಯುತ್ತಿತ್ತು, ಎಂಜಿನ್ನು ತಿಳಿಯುತ್ತಿರಲಿಲ್ಲ. "ಎಲ್ಲಾ ಗಾಡೀನೂ ತಗಡಿನ ಡಬ್ಬ್ಯಾಗ ಕುಂತ ಅಳತಾವು."

ಎರಡು ತಿಂಗಳು ಶನಿವಾರಗಳು ಖಾಲಿ ಹೋದವು. ಆ ಪಾರ್ಕಿಂಗಿನ ಬಳಿ ಅವರು ಸುಳಿಯಲೂ ಇಲ್ಲ. ಆಮೇಲೊಂದು ದಿನ ಹಾಸನದ ಸ್ನೇಹಿತನೊಬ್ಬ ತನ್ನ ವ್ಯಾನಿನ ಗೋಳು ಹೇಳಿಕೊಂಡಾಗ, ನಾನು ಅವನನ್ನು ನೇರ ಅವರ ಬಾಗಿಲಿಗೆ ಕರೆದೊಯ್ದೆ. ಅಕ್ಕಾವ್ರು ಹೊರಗೆ ಬಂದು, ಬಹಳ ಹೊತ್ತು ಬರೀ ವ್ಯಾನನ್ನು ನೋಡಿದರು.

"ನಾ ಕೇಳಲಾರೆ. ನೀ ಕೇಳಿ ಹೇಳು," ಅಂದರು ನನಗೆ. "ಆದ್ರ ನಾಯ್ಸ್ ಬರ್ತಿದೆ ಅನ್ನಬ್ಯಾಡ. ಹೆಂಗ ಬರತೈತಿ ಹಂಗ ಹೇಳು."

ವ್ಯಾನು ಹೊರಟಿತು. ನಾನು ಹಿಂದೆ, ಅವರು ಮುಂದೆ. "ಗುಂಯ್ ಅಂತಿದೆ," ಅಂದೆ.

"ಎಂಜಿನ್ ಏರಿಸಿದ್ರ ಏರತೈತೋ, ಗಾಡಿ ಓಡಿದ್ರ ಏರತೈತೋ?"

"ಗಾಡಿ ಓಡಿದರೆ."

"ಹಂಗಾದ್ರ ಎಂಜಿನ್ ಅಲ್ಲ, ಚಕ್ರದ್ದು. ಎಡಕ ಹೊರಳಿಸಂತ ಹೇಳು. ಈಗ?"

"ಜೋರಾಯ್ತು."

"ಬಲಕ?"

"ಕಮ್ಮಿಯಾಯ್ತು."

"ಎಡಕ ಹೊರಳಿದ್ರ ಭಾರ ಬಲಕ್ಕ ಬೀಳತೈತಿ. ಬಲಗಡಿ ಚಕ್ರದ ಬೇರಿಂಗು. ಚೀಟಿ ಬರಕೋ."

ಗ್ಯಾರೇಜಿನವರು ಬಿಚ್ಚಿದಾಗ ಅದೇ ಇತ್ತು.

ಹೀಗೆ ನಾನು ಮುಂದಿನ ಐದು ವರ್ಷ ಅವರ ಕಿವಿಯಾದೆ. ಮಂಡ್ಯದಲ್ಲಿ ಅಜ್ಜಿ ಆಡುತ್ತಿದ್ದ, ನಾನು ಎಂದೋ ಮರೆತಿದ್ದ ಮಾತುಗಳೆಲ್ಲ ನಾಲಗೆಗೆ ವಾಪಸು ಬಂದವು. ತಿರುವಿನಲ್ಲಿ ಮಾತ್ರ ಕಟಕಟ. ಗೇರು ಹಾಕಿದೊಡನೆ ಥಡ್. ಚಳಿಯ ಬೆಳಗ್ಗೆ ಕೀಚ್. ಒಂದೊಂದಕ್ಕೂ ಅವರು ಹತ್ತು ಪ್ರಶ್ನೆ ಕೇಳುತ್ತಿದ್ದರು: ಬಿಸಿಯಾದಮೇಲೋ, ತಣ್ಣಗಿದ್ದಾಗಲೋ? ಏರಿನಲ್ಲೋ, ಇಳಿಜಾರಿನಲ್ಲೋ? ಅವರ ಪ್ರಶ್ನೆಗಳು ನನ್ನ ಕಿವಿಯನ್ನು ಚೂಪು ಮಾಡಿದವು. ಮನೆಯಲ್ಲಿ ಸುಮಾ, "ನಂಗೆ ಸುಸ್ತು" ಅಂದರೆ, ಹೇಗೆ ಸುಸ್ತು, ಯಾವಾಗಿನಿಂದ ಎಂದು ಕೇಳುವಷ್ಟು. ಹತ್ತು ವರ್ಷದ ಸಂಸಾರದಲ್ಲಿ ಈಗ ಕಲಿತ್ರಾ ಎಂದು ಅವಳು ಹಂಗಿಸಿದ್ದೂ ಉಂಟು.

ಕಿವಿ ಬೇಡದ ಕಾಯಿಲೆಗಳಲ್ಲಿ ಮಾತ್ರ ಅವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಎರಡು ದಿನ ನಿಂತರೆ ಸಾಕು, ಬ್ಯಾಟರಿ ಬರಿದಾಗುತ್ತಿದ್ದ ಒಂದು ಕಾರಿಗೆ ಮೀಟರು ಕಟ್ಟಿ, ಒಂದೊಂದೇ ಫ್ಯೂಸು ಕಿತ್ತು ನೋಡುತ್ತ ಇಡೀ ಬೆಳಗ್ಗೆ ಕೂತರು. ಒಂದು ಫ್ಯೂಸು ಕಿತ್ತಾಗ ಮೀಟರಿನ ಅಂಕಿ ಜರ್ರನೆ ಇಳಿಯಿತು. ಆ ತಂತಿ ಹೋಗುತ್ತಿದ್ದದ್ದು ಡ್ಯಾಶ್‌ಬೋರ್ಡಿನ ಖಾನೆಯ ಸಣ್ಣ ದೀಪಕ್ಕೆ. ಮುಚ್ಚಿದ ಮೇಲೆ ಅದು ಆರುತ್ತದೋ ಇಲ್ಲವೋ ನೋಡುವುದು ಹೇಗೆ? ನನ್ನ ಫೋನಿನಲ್ಲಿ ವಿಡಿಯೊ ಚಾಲೂ ಮಾಡಿ, ಅದನ್ನೇ ಖಾನೆಯೊಳಗಿಟ್ಟು ಮುಚ್ಚಿದರು. ತೆಗೆದು ನೋಡಿದರೆ ವಿಡಿಯೊದ ಉದ್ದಕ್ಕೂ ದೀಪ ಉರಿಯುತ್ತಲೇ ಇತ್ತು. ಅಕ್ಕಾವ್ರು ಅಷ್ಟು ಖುಷಿಯಾಗಿದ್ದನ್ನು ನಾನು ಕಡಿಮೆ ನೋಡಿದ್ದೇನೆ.

ಹೋದ ವರ್ಷ ಅವರ ಹೃದಯ ಸೋಲತೊಡಗಿತು. ಎರಡು ಸಲ ಆಸ್ಪತ್ರೆಗೆ ಹೋಗಿ ಬಂದರು. ಮೂರನೆಯ ಸಲ ಹೋದಾಗ, ಒಂದು ಮಧ್ಯಾಹ್ನ ನಾನು ನೋಡಲು ಹೋದೆ. ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಹತ್ತಿರ ಬಾಯಿಟ್ಟು ನಿಧಾನವಾಗಿ ಮಾತಾಡಬೇಕಿತ್ತು. ಮನೆಯವರ ಯೋಗಕ್ಷೇಮ ಕೇಳಿದರು. ಆಮೇಲೆ ಹಾಸಿಗೆಯ ಪಕ್ಕದ ಸ್ವಿಚ್ಚನ್ನು ಕಣ್ಣಲ್ಲೇ ತೋರಿಸಿದರು.

"ಅದನ್ನ ಒತ್ತು. ಮಂಚ ಏಳುವಾಗ ಏನ್ ಸಪ್ಪಳ ಬರತೈತಿ, ಹೇಳು."

ಒತ್ತಿದೆ. ತಲೆಯ ಭಾಗ ಮೇಲೇರತೊಡಗಿತು. ಇಳಿಸಿ ಮತ್ತೊಮ್ಮೆ ಏರಿಸಿದೆ. "ಗುರ್ ಅಂತ ಏಳುತ್ತೆ ಅಕ್ಕಾ. ಅರ್ಧಕ್ಕೆ ಬಂದಾಗ ಕಿರ್ರ್ ಅನ್ನುತ್ತೆ. ಒಂದು ಸಲ ಜಗ್ಗಿ, ಆಮೇಲೆ ಹೋಗುತ್ತೆ."

"ಯಾವ ಕಡೆ?"

ನೆಲಕ್ಕೆ ಮಂಡಿಯೂರಿ ಮಂಚದ ಕೆಳಗೆ ತಲೆ ಹಾಕಿ ಕೇಳಿದೆ. "ಬಲಗಡೆ."

ಅವರು ಬಲಗೈಯನ್ನು ಮಂಚದ ಕಂಬಿಯ ಮೇಲಿಟ್ಟು ಕಣ್ಣು ಮುಚ್ಚಿದರು. ಇನ್ನೊಮ್ಮೆ ಏರಿಸಲು ಸನ್ನೆ ಮಾಡಿದರು. "ಹೌದು. ಮೋಟರ್ ಗಟ್ಟಿ ಐತಿ. ಬಲಗಡಿ ಕೀಲಿನಾಗ ಗ್ರೀಸ್ ಒಣಗೇತಿ. ಇವರು ಮೋಟರ್ ಬಿಚ್ಚಾಕ ಹೋದಾರು, ಬ್ಯಾಡ ಅಂತ ನರ್ಸಮ್ಮಗ ಹೇಳು."

"ನಿಮಗೆ ನೋವಾಗ್ತಿದ್ಯಾ ಅಕ್ಕಾ, ಅದು ಜಗ್ಗಿದಾಗ?"

"ನನಗೇನ ಆಗೂದೈತಿ ಇನ್ನ. ನನ್ನ ಹಿಂದ ಬರಾಕಿ ನಡಾ ಮುರಕೊಂಡಾಕಿ ಇದ್ರ, ಆ ಜಗ್ಗು ಜೀವಾ ಹಿಂಡತೈತಿ."

ನರ್ಸಿಗೆ ಹೇಳಿದೆ. ಅವಳು ಸ್ವಲ್ಪ ವಿಚಿತ್ರವಾಗಿ ನೋಡಿದರೂ ಬರೆದುಕೊಂಡಳು.

ಎರಡು ದಿನ ಕಳೆದು ಬೆಳಗ್ಗೆ ಅಕ್ಕಾವ್ರು ಹೋದರು. ಅವರ ಬಟ್ಟೆಬರೆ ತರಲು ಯಜಮಾನರ ಜೊತೆ ನಾನೂ ಹೋಗಿದ್ದೆ. ಕೋಣೆ ಖಾಲಿಯಾಗಿತ್ತು. ಮಂಚವನ್ನು ಗೋಡೆಯಿಂದ ಎಳೆದು ನಡುವೆ ನಿಲ್ಲಿಸಿದ್ದರು. ನೀಲಿ ಸಮವಸ್ತ್ರದವನೊಬ್ಬ ಅದರ ಬಲಮಗ್ಗುಲಿಗೆ ಅಂಗಾತ ಮಲಗಿ, ಕೀಲಿಗೆ ಗ್ರೀಸು ತುಂಬುತ್ತಿದ್ದ. ನಾವು ಬಾಗಿಲಲ್ಲೇ ನಿಂತೆವು. ಅವನು ಎದ್ದು, ಕೈ ಒರೆಸಿಕೊಂಡು ಸ್ವಿಚ್ಚು ಒತ್ತಿದ. ಮಂಚ ಎದ್ದಿತು. ಅರ್ಧ ದಾಟಿತು. ಪೂರ್ತಿ ಮೇಲೇರುವವರೆಗೂ ನಾನು ಕಿವಿಗೊಟ್ಟು ನಿಂತೆ. ಎಲ್ಲೂ ಜಗ್ಗಲಿಲ್ಲ.